ಹಳೇ ಮ್ಯಾಪಲ್ಲಿ ನಮ್ಮ ಸೈಟು ನೀಲಿ

ಹೋದ ದಸರಾ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದು ದೊಡ್ಡ ಜಗಳ ಆಯ್ತು. ಶುರು ಮಾಡಿದ್ದು ನಾನೇ. ರಾತ್ರಿ ಊಟಕ್ಕೆ ಕೂತಿದ್ದಾಗ ಲ್ಯಾಪ್‌ಟಾಪನ್ನು ಅಪ್ಪನ ಕಡೆ ತಿರುಗಿಸಿ, “ಅಪ್ಪಾ, ನಮ್ಮ ಸೈಟು ಕೆರೆ ಒಳಗಿದೆ” ಅಂದುಬಿಟ್ಟೆ. ಮುದ್ದೆ ಮುರಿಯುತ್ತಿದ್ದ ಅಪ್ಪನ ಕೈ ನಿಂತಿತು. “ಊಟದ ಹೊತ್ತಲ್ಲಿ ಯಾಕೋ ಇವೆಲ್ಲ” ಅಂತ ಅಮ್ಮ ಗದರಿದರು.

ಆ ಸೈಟಿನ ಬಗ್ಗೆ ಸ್ವಲ್ಪ ಹೇಳಬೇಕು. ಚಿಂತಾಮಣಿ ಊರಾಚೆಯ ಒಂದು ಲೇಔಟಿನಲ್ಲಿ 30–40 ಸೈಟು. 2019ರಲ್ಲಿ ಅಪ್ಪ ತಗೊಂಡಿದ್ದು. ಚೀಟಿ ಎತ್ತಿದ ದುಡ್ಡು, ಅಮ್ಮನ ಬಳೆ, ಹಳ್ಳಿಯಲ್ಲಿದ್ದ ಅರ್ಧ ಎಕರೆ, ಎಲ್ಲಾ ಅದರಲ್ಲೇ ಇದೆ. ಮುಂದಿನ ವರ್ಷ ಮನೆ ಕಟ್ಟೋದು, ಕೆಳಗೆ ಸೆಲ್ಲಾರ್ ಮಾಡಿ ಗೋಡೌನಿಗೆ ಬಾಡಿಗೆ ಕೊಡೋದು, ಆ ಬಾಡಿಗೆಯಲ್ಲಿ ಬ್ಯಾಂಕಿನ ಕಂತು ಕಟ್ಟೋದು ಅಂತ ಪ್ಲಾನು. ಅಂಥ ಸೈಟಿನ ಮೇಲೆ ಎರಡನೇ ವರ್ಷ ಸಿವಿಲ್ ಓದೋ ಮಗ ಒಂದು ಹಳೇ ಮ್ಯಾಪು ಇಟ್ಟು ‘ಇದು ನೀಲಿ’ ಅಂದ್ರೆ ಯಾವ ಅಪ್ಪನಿಗೆ ತಾನೇ ಊಟ ಸೇರುತ್ತೆ?

ಆವತ್ತು ನಾನು ಹೇಳಿದ್ದು ಅರ್ಧ ತಪ್ಪು. ಉಳಿದ ಅರ್ಧ ಸರಿ. ಆ ಅರ್ಧಕ್ಕೋಸ್ಕರವೇ ಇದನ್ನು ಬರೀತಾ ಇದ್ದೀನಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕಾಂಟೂರ್‌ಗೆ ಕನ್ನಡದಲ್ಲಿ ‘ಸಮೋನ್ನತ ರೇಖೆ’ ಅಂತಾರೆ ಅಂತ ಗೊತ್ತಾಗಿದ್ದೇ ಮೊನ್ನೆ. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮ್ಯಾಪು ಸಿಕ್ಕಿದ್ದು ಹೇಗೆ

ಸರ್ವೇಯಿಂಗ್ ಲ್ಯಾಬಲ್ಲಿ ಡಂಪಿ ಲೆವೆಲ್ ಹೊತ್ತುಕೊಂಡು ಬಿಸಿಲಲ್ಲಿ ಓಡಾಡಿದವರಿಗೆ ‘ಟೋಪೋಶೀಟ್’ ಅನ್ನೋ ಪದ ಗೊತ್ತು. ನಮಗೆಲ್ಲ ಅದು ವೈವಾದಲ್ಲಿ ಕೇಳೋ ಒಂದು ಪ್ರಶ್ನೆ, ಅಷ್ಟೇ. “ಸರ್ವೇ ಆಫ್ ಇಂಡಿಯಾ ಸ್ಥಾಪನೆ?” “1767 ಸಾರ್.” “ಕುಳಿತುಕೋ.” ಮುಗೀತು.

ಆದರೆ ಆ ಹಾಳೆಗಳಿಗೆ ಒಂದು ಒಳ್ಳೆ ಲೆಕ್ಕಾಚಾರ ಇದೆ. ಇಡೀ ದೇಶವನ್ನು ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಚೌಕಗಳಾಗಿ ಕತ್ತರಿಸಿ ನಂಬರ್ ಕೊಟ್ಟಿದ್ದಾರೆ. ನಮ್ಮ ಭಾಗದ್ದು 57. ಅದನ್ನು ಒಂದೊಂದು ಡಿಗ್ರಿಯ ಹದಿನಾರು ತುಂಡು ಮಾಡಿ ಎ ಇಂದ ಪಿ ತನಕ ಅಕ್ಷರ ಕೊಟ್ಟರು. ಆಮೇಲೆ ಒಂದೊಂದು ತುಂಡನ್ನೂ ಮತ್ತೆ ಹದಿನಾರು ಮಾಡಿದರು. ಹಾಗೆ ಹುಡುಕಿಕೊಂಡು ಹೋದರೆ ಚಿಂತಾಮಣಿ 57 ಕೆ/3ರಲ್ಲಿ ಸಿಗುತ್ತೆ. ಬೆಂಗಳೂರು 57 ಜಿ ಮತ್ತು 57 ಎಚ್ ನಡುವೆ ಹರಿದು ಹಂಚಿಹೋಗಿದೆ. ನಿಮ್ಮೂರಿನ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಐದು ನಿಮಿಷದಲ್ಲಿ ನಿಮ್ಮೂರಿನ ಹಾಳೆಯ ನಂಬರನ್ನು ನೀವೇ ಕಂಡುಹಿಡಿಯಬಹುದು. ಸುಡೊಕುಗಿಂತ ಮಜಾ.

ಹಿಂದೆ ಈ ಹಾಳೆಗಳನ್ನು ‘ಒಂದು ಇಂಚಿಗೆ ಒಂದು ಮೈಲಿ’ ಲೆಕ್ಕದಲ್ಲಿ ಬರೆಯುತ್ತಿದ್ದರು, ಅಂದ್ರೆ 1:63,360. ದೇಶ ಮೆಟ್ರಿಕ್‌ಗೆ ಹೊರಳಿದ ಮೇಲೆ 1:50,000 ಬಂತು. ಈಗಿನ ಓಪನ್ ಸೀರೀಸ್ ಹಾಳೆಗಳು ಸರ್ವೇ ಆಫ್ ಇಂಡಿಯಾದ ಪೋರ್ಟಲ್‌ನಲ್ಲೇ ಸಿಗುತ್ತವೆ. ಹಳೇವು ಬೇಕು ಅಂದ್ರೆ ಮಾತ್ರ ಒದ್ದಾಟ.

ಆ ಒದ್ದಾಟದಲ್ಲೇ ನನಗೆ ಸಿಕ್ಕಿದ್ದು ಅಮೆರಿಕದ ಸೈನ್ಯ ಮಾಡಿದ ಮ್ಯಾಪು! ಎರಡನೇ ಮಹಾಯುದ್ಧದ ಕಾಲದಲ್ಲಿ ಶುರುವಾದ ಅವರ ಆರ್ಮಿ ಮ್ಯಾಪ್ ಸರ್ವಿಸ್, 1950ರ ದಶಕದಲ್ಲಿ ಭಾರತ–ಪಾಕಿಸ್ತಾನ ಪೂರ್ತಿಗೆ 1:250,000 ಅಳತೆಯ ಹಾಳೆಗಳನ್ನು ತಯಾರಿಸಿತು. ಸರಣಿಯ ಹೆಸರು ಯು502. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅವನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಪುಕ್ಕಟೆ ಇಟ್ಟಿದೆ. ನಮ್ಮ ತಾಲ್ಲೂಕಿನ ಎಪ್ಪತ್ತು ವರ್ಷದ ಹಿಂದಿನ ಮ್ಯಾಪು ನಮ್ಮ ತಾಲ್ಲೂಕಿನಲ್ಲಿ ಸಿಗಲಿಲ್ಲ, ಟೆಕ್ಸಾಸ್‌ನಲ್ಲಿ ಸಿಕ್ಕಿತು. ಇದಕ್ಕೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆ ಸರಣಿಯಲ್ಲಿ 78 ಡಿಗ್ರಿ ರೇಖಾಂಶದ ಹತ್ತಿರ ಹಾಳೆ ಬದಲಾಗುತ್ತೆ. ಚಿಂತಾಮಣಿ ಆ ಗೆರೆಯಿಂದ ಪೂರ್ವಕ್ಕೆ ಸುಮಾರು ಆರು ಕಿಲೋಮೀಟರ್. ಅಂದ್ರೆ ಹಾಳೆಯ ಎಡ ಅಂಚಿನಿಂದ ಎರಡೂವರೆ ಸೆಂಟಿಮೀಟರಲ್ಲಿ ನಮ್ಮೂರು. ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ನೋಡಬೇಕಂದ್ರೆ ಪಕ್ಕದ ಹಾಳೆ ತೆಗೀಬೇಕು. ಎರಡನ್ನೂ ಜೋಡಿಸಿ ಸ್ಕ್ರೀನ್ ತುಂಬಾ ಇಟ್ಟಾಗ ಮೊದಲು ಕಣ್ಣಿಗೆ ಬಿದ್ದಿದ್ದು ಊರುಗಳಲ್ಲ, ರಸ್ತೆಗಳೂ ಅಲ್ಲ. ಬರೀ ಕೆರೆಗಳು. ಒಂದರ ಕೆಳಗೆ ಒಂದು, ಅದರ ಕೆಳಗೆ ಇನ್ನೊಂದು, ನೀಲಿ ಹನಿಗಳನ್ನು ದಾರದಲ್ಲಿ ಪೋಣಿಸಿದ ಹಾಗೆ.

ಕೆರೆ ಯಾಕೆ ಇಷ್ಟೊಂದು

ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ. ಇದನ್ನು ನಾವು ಚಿಕ್ಕವರಿದ್ದಾಗಿಂದ ಕೇಳಿಕೊಂಡೇ ಬಂದಿದ್ದೀವಿ. ಆದರೆ ಮ್ಯಾಪಲ್ಲಿ ನೋಡಿದರೆ ಬೇರೆಯದೇ ಕಥೆ. ನಮ್ಮದು ಎತ್ತರದ ಜಾಗ, ನದಿಗಳು ಇಲ್ಲಿಂದ ಹೊರಡುತ್ತವೆ. ತಾಲ್ಲೂಕಿನ ಉತ್ತರದ ಕಡೆ ಬಿದ್ದ ಮಳೆ ಪಾಪಾಗ್ನಿ ಸೇರಿ, ಅಲ್ಲಿಂದ ಪೆನ್ನಾರ್ ಸೇರಿ, ಆಂಧ್ರ ದಾಟಿ ನೆಲ್ಲೂರಿನ ಹತ್ತಿರ ಸಮುದ್ರಕ್ಕೆ ಹೋಗುತ್ತೆ. ದಕ್ಷಿಣದ ಕಡೆ ಬಿದ್ದದ್ದು ಪಾಲಾರ್ ಹಿಡಿದು ತಮಿಳುನಾಡಿಗೆ ಹೋಗುತ್ತೆ. ಪಾಲಾರ್ ಹುಟ್ಟೋ ತಳಗವಾರ ನಮ್ಮ ತಾಲ್ಲೂಕಿನದೇ. ಒಂದೇ ತಾಲ್ಲೂಕು, ಒಂದೇ ಮಳೆ, ಎರಡು ರಾಜ್ಯಕ್ಕೆ ದಾರಿ. ಈ ನೀರನ್ನು ಸ್ವಲ್ಪ ಹೊತ್ತಾದರೂ ಹಿಡಿದು ನಿಲ್ಲಿಸಬೇಕು ಅಂತ ನಮ್ಮ ಹಿಂದಿನವರು ಇಳಿಜಾರಿಗೆ ಅಡ್ಡ ಏರಿ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಕೆಳಗಿನದ್ದು ತುಂಬಿದರೆ ಅದರ ಕೆಳಗಿನದ್ದಕ್ಕೆ.

ಕೆಳಗಿನವರಿಗೆ ಇದರ ಮೇಲೆ ಎಷ್ಟು ಕಣ್ಣಿತ್ತು ಅಂದ್ರೆ, 1892ರಲ್ಲಿ ಮದ್ರಾಸ್ ಸರ್ಕಾರ ಮತ್ತು ಮೈಸೂರು ಸಂಸ್ಥಾನದ ಮಧ್ಯೆ ಒಂದು ಒಪ್ಪಂದವೇ ಆಯ್ತು. ಪಟ್ಟಿಯಲ್ಲಿದ್ದ 15 ಮುಖ್ಯ ನದಿಗಳಿಗೆ ಅಡ್ಡಲಾಗಿ ಮದ್ರಾಸ್‌ನ ಒಪ್ಪಿಗೆ ಇಲ್ಲದೆ ಮೈಸೂರಿನವರು ಹೊಸ ನೀರಾವರಿ ಜಲಾಶಯ ಕಟ್ಟೋ ಹಾಗಿಲ್ಲ ಅಂತ. ನಾವು ಕಾವೇರಿ ಗಲಾಟೆ ಬಂದಾಗ ಮಾತ್ರ ಈ 1892ರ ಹೆಸರು ಕೇಳ್ತೀವಿ. ಆ ಪಟ್ಟಿಯಲ್ಲಿ ಪಾಲಾರ್ ಇದೆ, ಪಾಪಾಗ್ನಿ ಇದೆ, ಚಿತ್ರಾವತಿಯೂ ಇದೆ. ನಮ್ಮೂರಿನ ಪಕ್ಕದ ಹಳ್ಳ ಇಂಟರ್‌ಸ್ಟೇಟ್ ಮ್ಯಾಟರ್ ಅಂತ ಯಾರಾದರೂ ಸ್ಕೂಲಲ್ಲಿ ಹೇಳಿದ್ದಿದ್ದರೆ ನಾನು ಆವತ್ತೇ ನೆಟ್ಟಗೆ ಕೂತು ಪಾಠ ಕೇಳ್ತಿದ್ದೆ.

ಮ್ಯಾಪಲ್ಲಿ ಇನ್ನೊಂದು ಗೆರೆ ಇತ್ತು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಮೇಲೆ ಯಲಹಂಕಕ್ಕೆ ಹೋಗುತ್ತಿದ್ದ ಸಣ್ಣ ರೈಲು. ಹಳಿಗಳ ಮಧ್ಯೆ ಬರೀ ಎರಡೂವರೆ ಅಡಿ. ನಾನು ಹುಟ್ಟೋ ಮುಂಚೆಯೇ ಅದು ನಿಂತುಹೋಗಿತ್ತು. ಈಗ ಓಡೋ ಬ್ರಾಡ್‌ಗೇಜ್ ರೈಲು ನಮ್ಮೂರಿಗೆ ಬಂದಿದ್ದು 2013ರಲ್ಲಿ, ಹೆಚ್ಚು ಕಡಿಮೆ ಅದೇ ದಾರಿಯಲ್ಲಿ. ಇಂಜಿನಿಯರ್‌ಗಳು ಹೊಸ ಹಳಿ ಹಾಕುವಾಗ ಹಳೇ ದಾರಿಯನ್ನು ಮರೆಯಲಿಲ್ಲ ಅನ್ನೋದನ್ನು ಗಮನಿಸಿ. ಯಾಕಂದ್ರೆ ಹಳೇ ದಾರಿ ಇಳಿಜಾರು ನೋಡಿಕೊಂಡೇ ಹಾಕಿದ್ದು. ನೀರಿನ ದಾರಿಗೆ ಮಾತ್ರ ನಾವು ಆ ಮರ್ಯಾದೆ ಕೊಡಲ್ಲ.

ನಾನು ಎಡವಿದ್ದು ಎಲ್ಲಿ

ಈಗ ಜಗಳಕ್ಕೆ ವಾಪಸ್ ಬರೋಣ. ಕ್ಯೂಜಿಐಎಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಲ್ಲಿ ಹಳೇ ಹಾಳೆಯನ್ನು ಈಗಿನ ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸಬಹುದು. ನಾನು ಹಾಳೆಯ ನಾಲ್ಕು ಮೂಲೆಯ ಅಕ್ಷಾಂಶ ರೇಖಾಂಶ ಟೈಪ್ ಮಾಡಿ ಕೂರಿಸಿದೆ. ನಮ್ಮ ಸೈಟಿನ ಮೇಲೆ ನೀಲಿ ಬಂತು. ಓಡಿಹೋಗಿ ಅಪ್ಪನಿಗೆ ತೋರಿಸಿದೆ.

ಅಪ್ಪ ಎಸ್ಸೆಸ್ಸೆಲ್ಸಿ. ಅವರು ಕೇಳಿದ ಪ್ರಶ್ನೆ ಯಾವ ವೈವಾಗೂ ಕಮ್ಮಿ ಇರಲಿಲ್ಲ. “ಇದರಲ್ಲಿ ನಮ್ಮ ಸೈಟು ಎಷ್ಟು ದೊಡ್ಡದಿದೆ ತೋರಿಸು.”

ಲೆಕ್ಕ ಹಾಕಿ. 1:250,000ರಲ್ಲಿ ಒಂದು ಮಿಲಿಮೀಟರ್ ಅಂದ್ರೆ ನೆಲದ ಮೇಲೆ 250 ಮೀಟರ್. 30–40 ಸೈಟು ಅಂದ್ರೆ ಸುಮಾರು 9 ಮೀಟರ್, 12 ಮೀಟರ್. ಮ್ಯಾಪ್ ಮೇಲೆ ಅದು 0.04 ಮಿಲಿಮೀಟರ್! ಕೆರೆಯ ಅಂಚಿಗೆ ಬರೆದ ಗೆರೆಯ ದಪ್ಪದಲ್ಲೇ ನಮ್ಮ ಇಡೀ ಲೇಔಟು ಮುಳುಗಿಹೋಗುತ್ತೆ. ಅದೂ ಅಲ್ಲದೆ, ಹಳೇ ಹಾಳೆಗಳ ಅಕ್ಷಾಂಶ ರೇಖಾಂಶ ‘ಎವರೆಸ್ಟ್’ ಅನ್ನೋ ಹಳೇ ಭೂಗೋಳದ ಲೆಕ್ಕದ್ದು. ನಮ್ಮ ಫೋನಿನ ಜಿಪಿಎಸ್ ಡಬ್ಲ್ಯುಜಿಎಸ್84 ಲೆಕ್ಕದ್ದು. ಅದನ್ನು ಸರಿಪಡಿಸದೆ ಕೂರಿಸಿದರೆ ನಮ್ಮ ಕಡೆ ಎಲ್ಲವೂ ನೂರು–ಇನ್ನೂರು ಮೀಟರ್ ಪಕ್ಕಕ್ಕೆ ಸರಿಯುತ್ತೆ. ಇದು ಸಿಲಬಸ್ಸಿನಲ್ಲೇ ಇದೆ. ನಾನು ಓದಿದ್ದೆ, ಇಂಟರ್ನಲ್ಸ್‌ನಲ್ಲಿ ಬರೆದೂ ಇದ್ದೆ. ಮಾಡುವಾಗ ಮರೆತೆ.

ಸರಿಪಡಿಸಿ ಮತ್ತೆ ಕೂರಿಸಿದಾಗ ಸೈಟು ನೀಲಿಯಿಂದ ಹೊರಗೆ ಬಂತು. ಅಪ್ಪ ಏನೂ ಅನ್ನಲಿಲ್ಲ. ಅಮ್ಮ ಮಾತ್ರ, “ಎರಡು ದಿನ ನಿಮ್ಮಪ್ಪ ಸರಿಯಾಗಿ ನಿದ್ದೆ ಮಾಡಿಲ್ಲ, ಇನ್ನಾದರೂ ಸುಮ್ಮನಿರು” ಅಂದರು.

ಸುಮ್ಮನಿರ್ತಿದ್ದೆ. ಆದರೆ ಅವ್ವ ಬಿಡಲಿಲ್ಲ. ಅಪ್ಪನ ಅಮ್ಮನನ್ನು ನಾವು ಅವ್ವ ಅಂತೀವಿ. ನಮ್ಮ ಕಡೆ ಎಷ್ಟೋ ಮನೆಗಳ ಹಾಗೆ ಅವ್ವನ ಬಾಯಲ್ಲಿ ತೆಲುಗು, ಕನ್ನಡ ಎರಡೂ ಬೆರೆತಿರುತ್ತೆ. ಲ್ಯಾಪ್‌ಟಾಪಲ್ಲಿ ಏನು ನೋಡ್ತಿದೀಯ ಅಂತ ಕೇಳಿದರು. ಹೇಳಿದೆ. “ಆ ಜಾಗ ಕೆರೆ ಅಲ್ಲಪ್ಪ, ಅದು ಮರವ ನೀರು ಹೋಗೋ ದಾರಿ” ಅಂದರು.

ಮರವ ಅಂದ್ರೆ ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಗೆ ಹೋಗೋ ಜಾಗ. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ವರ್ಷ ಮಳೆ ಹೆಚ್ಚಾಗಿ ಆ ಕಡೆ ಹೋಗೋ ದಾರಿಯೇ ಬಂದಾಗಿತ್ತಂತೆ. ಯಾವ ವರ್ಷ ಅಂತ ಅವರಿಗೆ ನೆನಪಿಲ್ಲ. ದೊಡ್ಡ ಅತ್ತೆ ಹೊಟ್ಟೆಯಲ್ಲಿದ್ದ ವರ್ಷ, ಅಷ್ಟು ನೆನಪಿದೆ.

ಆಮೇಲೆ ನಾನು ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ಹಾಕಿಕೊಂಡೆ. ನೀವು ನಿಂತ ಜಾಗದ ಸರ್ವೇ ನಂಬರ್ ಯಾವುದು, ಹಳೇ ಗ್ರಾಮ ನಕ್ಷೆಯಲ್ಲಿ ಅಲ್ಲಿ ಏನಿದೆ ಅಂತ ಅದು ತೋರಿಸುತ್ತೆ. ಒಂದು ಭಾನುವಾರ ಸೈಟಿಗೆ ಹೋಗಿ ನಿಂತು ನೋಡಿದೆ. ನಮ್ಮದು ಖುಷ್ಕಿ ಜಮೀನು, ಯಾವ ತಕರಾರೂ ಇಲ್ಲ. ಕಾಗದ ಪತ್ರ ಪಕ್ಕಾ. ಆದರೆ ಮೂರು ಸೈಟು ಆಚೆಗೆ ಹಳ್ಳದ ಗೆರೆ ಹೋಗಿದೆ. ಸರ್ಕಾರಿ ಖರಾಬು. ಈಗ ಅಲ್ಲಿ ಹಳ್ಳ ಇಲ್ಲ, ಎರಡಡಿ ಅಗಲದ ಚರಂಡಿ ಇದೆ.

ಆಗ 2021ರ ನವೆಂಬರ್ ನೆನಪಾಯ್ತು. ನಾನಾಗ ಹತ್ತನೇ ಕ್ಲಾಸು. ನಮ್ಮ ಜಿಲ್ಲೆಯಲ್ಲೂ ಕೋಲಾರದಲ್ಲೂ ಆ ತಿಂಗಳು ಸುರಿದ ಮಳೆ ನಿಮಗೂ ನೆನಪಿರಬೇಕು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ಜನ ಪೂಜೆ ಮಾಡಿದರು, ಬಾಗಿನ ಬಿಟ್ಟರು, ಸೆಲ್ಫಿ ತಗೊಂಡರು. ನಾವೂ ಹೋಗಿದ್ವಿ. ವಾಪಸ್ ಬರುವಾಗ ಸೈಟು ನೋಡೋಣ ಅಂತ ಹೋದರೆ ಗಡಿ ಕಲ್ಲುಗಳ ತಲೆ ಮಾತ್ರ ಕಾಣಿಸುತ್ತಿತ್ತು. “ಚರಂಡಿ ಬ್ಲಾಕ್ ಆಗಿರಬೇಕು” ಅಂದರು ಅಪ್ಪ. ನಾನೂ ಹಾಗೇ ಅಂದುಕೊಂಡಿದ್ದೆ.

ಚರಂಡಿ ಬ್ಲಾಕ್ ಆಗಿರಲಿಲ್ಲ. ನೀರು ತನ್ನ ಹಳೇ ದಾರಿ ಹಿಡಿದು ಬಂದಿತ್ತು. ಅದಕ್ಕೆ ನಮ್ಮ ರಿಜಿಸ್ಟ್ರೇಷನ್ ವಿಷಯ ಗೊತ್ತಿಲ್ಲ ಅಲ್ವಾ.

ಸೆಲ್ಲಾರ್ ಕ್ಯಾನ್ಸಲ್

ಈ ಸಲ ಊಟದ ಹೊತ್ತಲ್ಲಿ ಹೇಳಲಿಲ್ಲ. ಅಪ್ಪನನ್ನು ಸ್ಕೂಟರಲ್ಲಿ ಕೂರಿಸಿಕೊಂಡು ಆ ಕೆರೆಯ ಏರಿ ಮೇಲೆ ಕರಕೊಂಡು ಹೋದೆ. ಮ್ಯಾಪಲ್ಲಿದ್ದ ನೀಲಿ ಈಗ ಜಾಲಿ ಗಿಡ. ಕೋಡಿಯ ಕಲ್ಲುಕಟ್ಟಡ ಇನ್ನೂ ಗಟ್ಟಿಯಾಗಿದೆ. ಅಲ್ಲಿ ನಿಂತು ಇಳಿಜಾರಿನ ಕಡೆ ಕೈ ತೋರಿಸಿದೆ. ನೇರಕ್ಕೆ ನಮ್ಮ ಲೇಔಟಿನ ಆರ್ಚ್ ಕಾಣಿಸುತ್ತೆ. ಅಪ್ಪ ತುಂಬಾ ಹೊತ್ತು ನೋಡಿದರು. ಆಮೇಲೆ, “ಸೆಲ್ಲಾರ್ ಬೇಡ ಬಿಡು. ಪಾಯ ಮೂರಡಿ ಎತ್ತರಿಸೋಣ” ಅಂದರು.

ನನಗೆ ಖುಷಿಯಾಯ್ತು. ಮೊದಲ ಸಲ ನಾನು ಓದ್ತಿರೋದು ಮನೆಗೆ ಉಪಯೋಗಕ್ಕೆ ಬಂತು. ಆದರೆ ಗಾಡಿ ಹತ್ತುವಾಗ ಅಪ್ಪ ಇನ್ನೊಂದು ಮಾತು ಹೇಳಿದರು. “ಇದನ್ನೆಲ್ಲ ಅಕ್ಕಪಕ್ಕದವರಿಗೆ ಹೇಳಬೇಡ. ರೇಟು ಬಿದ್ದುಹೋಗುತ್ತೆ.”

ಅಲ್ಲಿಂದ ಇವತ್ತಿನ ತನಕ ಆ ಮಾತು ತಲೆಯಲ್ಲಿ ಕೊರೀತಾ ಇದೆ. ಪಕ್ಕದ ಸೈಟಿನವರು ಹಳ್ಳದ ಕಡೆಗೇ ಇದ್ದಾರೆ. ಅವರೂ ನಮ್ಮ ಹಾಗೇ ಚೀಟಿ ಎತ್ತಿ, ಬಳೆ ಮಾರಿ ತಗೊಂಡವರು. ಅವರು ಸಂಪು ತೋಡೋಕೆ ಶುರು ಮಾಡಿದ್ದಾರೆ. ನಾನು ಹೇಳಿದರೆ ಅಪ್ಪನ ಮಾತು ಮೀರಿದ ಹಾಗೆ. ಹೇಳದಿದ್ದರೆ? ಕೊನೆಗೆ ಪಾಯ ಎತ್ತರಿಸಿ ಅಂತ ಮಾತ್ರ ಹೇಳಿದೆ. ಯಾಕೆ ಅಂತ ಹೇಳಲಿಲ್ಲ. ಈ ಲೇಖನದಲ್ಲಿ ಲೇಔಟಿನ ಹೆಸರಾಗಲಿ ಕೆರೆಯ ಹೆಸರಾಗಲಿ ಇಲ್ಲದಿರೋದಕ್ಕೂ ಅದೇ ಕಾರಣ. ಇದರ ಬಗ್ಗೆ ನನಗೆ ಹೆಮ್ಮೆ ಏನೂ ಇಲ್ಲ.

ನನ್ನ ವಾದ ಇರೋದು ಇಲ್ಲೇ. ಇಂಥ ವಿಷಯ ಒಬ್ಬ ಹುಡುಗನ ಲ್ಯಾಪ್‌ಟಾಪಲ್ಲಿ, ಒಬ್ಬ ಅಜ್ಜಿಯ ನೆನಪಲ್ಲಿ ಗುಟ್ಟಾಗಿ ಇರಬಾರದು. ಸೈಟು ತಗೊಳ್ಳೋ ಮುಂಚೆಯೇ ಎಲ್ಲರ ಕಣ್ಣಿಗೂ ಬೀಳೋ ಹಾಗಿರಬೇಕು. ನಾವು ಸೈಟು ತಗೊಳ್ಳುವಾಗ ಏನೇನು ನೋಡ್ತೀವಿ? ಪಹಣಿ, ಖಾತೆ, ಕನ್ವರ್ಷನ್, ಮೂವತ್ತು ವರ್ಷದ ಇಸಿ. ಇವೆಲ್ಲ ಆ ಜಾಗ ಯಾರ್‍ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಹೇಳುತ್ತವೆ. ಆ ಜಾಗದ ಮೇಲೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಅಂತ ಒಂದೂ ಹೇಳಲ್ಲ. ಲೇಔಟಿಗೆ ಅಪ್ರೂವಲ್ ಕೊಡುವಾಗ, ಬ್ರೋಷರ್ ಪ್ರಿಂಟ್ ಮಾಡುವಾಗ, ಗೇಟಿನ ಹತ್ತಿರ ಬೋರ್ಡ್ ಹಾಕುವಾಗ, ಅದೇ ಜಾಗದ ಹಳೇ ಟೋಪೋಶೀಟಿನ ತುಂಡು ಮತ್ತು ಗ್ರಾಮ ನಕ್ಷೆ ಜೊತೆಗೇ ಇರಬೇಕು ಅಂತ ನಿಯಮ ಆಗಬೇಕು. ಆಗ ರೇಟು ಮೊದಲೇ ಸರಿಯಾಗಿರುತ್ತೆ. ಆಮೇಲೆ ಯಾರೂ ಯಾರಿಂದಲೂ ಮುಚ್ಚಿಡಬೇಕಾಗಿಲ್ಲ.

“ಅಯ್ಯೋ, ಕೆರೆ ಮೇಲೆ ಊರೇ ಎದ್ದಿದೆ, ನೀನೊಬ್ಬ ಏನು ಮಾಡ್ತೀಯ” ಅಂತ ನನ್ನ ರೂಮ್‌ಮೇಟ್ ಕೇಳಿದ. ನಿಜ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆಯ ಜಾಗದಲ್ಲಿ. ಅದನ್ನೆಲ್ಲ ಒಡೆದು ಕೆರೆ ಮಾಡಿ ಅಂತ ನಾನು ಹೇಳ್ತಾ ಇಲ್ಲ. ಬೆಂಗಳೂರು ಆಗಿಹೋಗಿದೆ. ಚಿಂತಾಮಣಿ ಇನ್ನೂ ಆಗ್ತಾ ಇದೆ. ನಮಗೆ ಇನ್ನೂ ಟೈಮ್ ಇದೆ.

ಇನ್ನೊಬ್ಬ ಗೆಳತಿ, “ಗೂಗಲ್ ಅರ್ಥ್‌ನಲ್ಲಿ ಟೈಮ್‌ಲ್ಯಾಪ್ಸ್ ಇದೆಯಲ್ಲ, ಹಳೇ ಮ್ಯಾಪ್ ಯಾಕೆ” ಅಂದಳು. ಅದು ಶುರುವಾಗೋದು 1984ರಿಂದ. ನಾನು ನೋಡಿದ ಹಾಳೆ ಅದಕ್ಕಿಂತ ಮೂವತ್ತು ವರ್ಷ ಹಿಂದಿನದು. ಊರು ಇಷ್ಟು ಬೆಳೆಯೋ ಮುಂಚಿನದು, ಬೋರ್‌ವೆಲ್ಲುಗಳು ಬರೋ ಮುಂಚಿನದು. ನಮ್ಮಲ್ಲಿ ಈಗ ಸಾವಿರ ಅಡಿ ಕೊರೆದರೂ ನೀರು ಸಿಕ್ಕಿದರೆ ಪುಣ್ಯ, ಸಿಕ್ಕಿದ ನೀರಲ್ಲಿ ಫ್ಲೋರೈಡ್. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಪೈಪಲ್ಲಿ ಕೋಲಾರ ಕಡೆಯ ಕೆರೆಗಳಿಗೆ ತುಂಬಿಸೋ ಕೆ.ಸಿ. ವ್ಯಾಲಿ ಯೋಜನೆ 2018ರಿಂದ ನಡೀತಾ ಇದೆ. ಹೊರಗಿನಿಂದ ನೀರು ತಂದು ಕೆರೆ ತುಂಬಿಸೋಕೆ ಅಷ್ಟು ಕೋಟಿ ಖರ್ಚು ಮಾಡ್ತೀವಿ. ನಮ್ಮದೇ ಮಳೆ ಕೆರೆಗೆ ಬರೋ ದಾರಿಯಲ್ಲಿ ಮಾತ್ರ ಸೈಟು ಹಾಕ್ತೀವಿ.

ಮ್ಯಾಪ್ ಹೇಳದ್ದು

ಹಳೇ ಮ್ಯಾಪನ್ನು ದೇವರು ಅಂದುಕೊಳ್ಳೋದೂ ಬೇಡ. ಮೊದಲನೇದು, 1950ರ ದಶಕ ಅಂತ ಬರೆದಿದ್ದರೂ ಆ ಹಾಳೆಗೆ ಆಧಾರ ಅದಕ್ಕಿಂತ ಹಿಂದೆ ಸರ್ವೇ ಆಫ್ ಇಂಡಿಯಾ ಮಾಡಿದ್ದ ಅಳತೆಗಳು. ಮೇಲಿನ ಇಸವಿ ನೋಡಿ ಆ ವರ್ಷ ಕೆರೆ ತುಂಬಿತ್ತು ಅಂತ ಹೇಳೋಕಾಗಲ್ಲ. ಎರಡನೇದು, ಅದು ಸೈನ್ಯಕ್ಕೆ ಮಾಡಿದ್ದು. ಟ್ರಕ್ಕು ಹೋಗೋ ರಸ್ತೆ, ರೈಲು, ಬೆಟ್ಟ ಇವೆಲ್ಲ ಇವೆ. ನಮ್ಮ ಕಡೆಯ ಸಣ್ಣ ಸಣ್ಣ ಕುಂಟೆಗಳು ಆ ಅಳತೆಯಲ್ಲಿ ಕಾಣಲ್ಲ. ಯಾರು ಯಾವ ಬಾವಿಯಿಂದ ನೀರು ಸೇದಬಹುದಿತ್ತು, ಯಾರು ಸೇದೋ ಹಾಗಿರಲಿಲ್ಲ ಅನ್ನೋದು ಯಾವ ಮ್ಯಾಪಲ್ಲೂ ಇಲ್ಲ. ಕೆರೆ ತುಂಬಿದ್ದ ಕಾಲದಲ್ಲಿ ಎಲ್ಲರೂ ಸುಖವಾಗಿದ್ದರು ಅಂತ ನಾನು ಹೇಳಲ್ಲ. ಕೆರೆ ಕೆಳಗೆ ಗದ್ದೆ ಇದ್ದವರಿಗೆ ನೀರು, ಉಳಿದವರಿಗೆ ಕೂಲಿ. ನಮ್ಮ ತಾತನದು ಎರಡನೇ ಸಾಲು. ತೂಬು ಎತ್ತಿ ಗದ್ದೆ ಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿಯ ಹೆಸರೂ ಮ್ಯಾಪಲ್ಲಿ ಇರಲ್ಲ.

ಹೆಸರುಗಳದ್ದು ಇನ್ನೊಂದು ಸಮಸ್ಯೆ. ಮ್ಯಾಪಲ್ಲಿ ಎಲ್ಲಾ ಇಂಗ್ಲಿಷ್ ಅಕ್ಷರ. ಊರ ಹೆಸರೇನೋ ಇದೆ, ಹೆಚ್ಚಿನ ಕೆರೆಗಳಿಗೆ ಹೆಸರಿಲ್ಲ. ಅವ್ವನ ಹತ್ತಿರ ಕೂತು ಒಂದೊಂದೇ ನೀಲಿ ಹನಿ ತೋರಿಸಿ, ಇದು ಯಾವ ಊರಿನ ಪಕ್ಕ, ಇದಕ್ಕೆ ಏನಂತಿದ್ರಿ ಅಂತ ಕೇಳಿದೆ. ಹದಿನಾಲ್ಕು ಹೆಸರು ಹೇಳಿದರು. ಕೆಲವು ಕೆರೆ, ಕೆಲವು ಚೆರುವು, ಕೆಲವು ಕಟ್ಟೆ, ಕೆಲವು ಕುಂಟೆ. ಅದರಲ್ಲಿ ಐದು ನನಗೆ ಬೇರೆಲ್ಲೂ ಬರಹದಲ್ಲಿ ಸಿಗಲಿಲ್ಲ. ಅವ್ವನಿಗೆ ಈಗ ಎಂಬತ್ತರ ಹತ್ತಿರ.

ನಾವು ಮಾಡಬಹುದಾದ್ದು

ಬೇರೆ ದೇಶದವರು ಇದನ್ನು ಎಷ್ಟು ಸಲೀಸು ಮಾಡಿದ್ದಾರೆ ನೋಡಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಎಡಗಡೆ ಹಳೇ ಮ್ಯಾಪು, ಬಲಗಡೆ ಇವತ್ತಿನ ಸ್ಯಾಟಲೈಟ್ ಚಿತ್ರ ಇಟ್ಟುಕೊಂಡು ಒಟ್ಟಿಗೆ ನೋಡಬಹುದು. ಒಂದರಲ್ಲಿ ಮೌಸ್ ಇಟ್ಟರೆ ಇನ್ನೊಂದರಲ್ಲಿ ಅದೇ ಜಾಗ. ಅಮೆರಿಕದ ಭೂವಿಜ್ಞಾನ ಸರ್ವೇಯವರು ತಮ್ಮ ಹಳೇ ಟೋಪೋ ಮ್ಯಾಪುಗಳನ್ನು ‘ಟೋಪೋವ್ಯೂ’ನಲ್ಲಿ ಪುಕ್ಕಟೆ ಕೊಡುತ್ತಾರೆ. ಅಲ್ಲಿನ ಸಮುದ್ರತೀರದ ಒಂದು ಸಣ್ಣ ಕೌಂಟಿಯ ಹುಡುಗ ತನ್ನೂರಿನ ದಡ ಎಷ್ಟು ಸರಿದಿದೆ, ಯಾವ ಹಳ್ಳಿ ಮಾಯವಾಗಿದೆ ಅಂತ ಮನೆಯಲ್ಲೇ ಕೂತು ನೋಡಬಲ್ಲ. ನಮ್ಮಲ್ಲಿ ಕರಾವಳಿ ಮತ್ತು ಗಡಿ ಭಾಗದ ಹಾಳೆಗಳು ಬಹಳ ಕಾಲ ಸಾಮಾನ್ಯರ ಕೈಗೆ ಸಿಗುತ್ತಲೇ ಇರಲಿಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆಗಳ ಮೇಲಿನ ನಿಯಮಗಳನ್ನು ತುಂಬಾ ಸಡಿಲ ಮಾಡಿದೆ. ಹಳೇ ಹಾಳೆಗಳನ್ನು ಸ್ಕ್ಯಾನ್ ಮಾಡಿ ತಾಲ್ಲೂಕುವಾರು ಇಡೋದಕ್ಕೆ ಈಗ ಅಡ್ಡಿ ಇರಬಾರದು. ದಿಶಾಂಕ್ ಮಾಡಿದ ರಾಜ್ಯಕ್ಕೆ ಅದರ ಮೇಲೆ ಇನ್ನೊಂದು ಲೇಯರ್ ಹಾಕೋದು ಕಷ್ಟದ ಕೆಲಸ ಅಲ್ಲ.

ಸರ್ಕಾರ ಮಾಡೋ ತನಕ ನಾವು ಕಾಯಬೇಕಾಗಿಲ್ಲ. ನಮ್ಮ ಕ್ಯಾಂಪಸ್ಸಿನಲ್ಲಿ ನಾಲ್ಕೈದು ತಾಲ್ಲೂಕಿನ ಹುಡುಗ ಹುಡುಗಿಯರು ಇದ್ದೀವಿ. ಮಿನಿ ಪ್ರಾಜೆಕ್ಟಿಗೆ ವರ್ಷ ವರ್ಷ ಅದೇ ಪರ್ವಿಯಸ್ ಕಾಂಕ್ರೀಟ್, ಅದೇ ಸ್ಮಾರ್ಟ್ ಡಸ್ಟ್‌ಬಿನ್. ಸೀನಿಯರ್ ರಿಪೋರ್ಟಿನ ಮೊದಲ ಪುಟ ಮಾತ್ರ ಚೇಂಜು. ಅದರ ಬದಲು ಒಂದೊಂದು ಟೀಮು ಒಂದೊಂದು ಕೆರೆ ಸಾಲು ತಗೊಳ್ಳಲಿ. ಸಿವಿಲ್‌ನವರು ಹಳೇ ಹಾಳೆ ಕೂರಿಸಿ, ಲೆವೆಲ್ ತಗೊಂಡು ಕೋಡಿಯಿಂದ ಕೋಡಿಗೆ ನೀರಿನ ದಾರಿ ಹುಡುಕಲಿ. ಸಿಎಸ್‌ನವರು ಅದನ್ನು ಫೋನಲ್ಲಿ ನೋಡೋ ಹಾಗೆ ಮಾಡಲಿ. ಕನ್ನಡ ಸಂಘದ ನಾವು ಹೆಸರು ಬರೆದುಕೊಳ್ಳೋಣ, ಕನ್ನಡದಲ್ಲಿ, ತೆಲುಗು ಹೆಸರಿದ್ದರೆ ತೆಲುಗು ಹೆಸರನ್ನೂ ಕನ್ನಡ ಅಕ್ಷರದಲ್ಲಿ. ನಮ್ಮ ಸಂಘ ಅಂದ್ರೆ ನವೆಂಬರ್ ಒಂದಕ್ಕೆ ಬಾವುಟ, ಡಿಜೆ, ಬಿಸಿಬೇಳೆ ಬಾತ್ ಅಷ್ಟೇ ಅಂತ ಬೇರೆಯವರು ರೇಗಿಸ್ತಾರಲ್ಲ, ಅವರಿಗೂ ಒಂದು ಉತ್ತರ ಕೊಟ್ಟ ಹಾಗಾಗುತ್ತೆ.

ಬರೋ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಸರ್ವೇ ಲ್ಯಾಬಿನ ಹೊರಗೆ ನಾನು ಲ್ಯಾಪ್‌ಟಾಪ್ ಹಿಡಕೊಂಡು ಕೂತಿರ್ತೀನಿ. ಎರಡು ಹಾಳೆ ಡೌನ್‌ಲೋಡ್ ಮಾಡಿ ಇಟ್ಟಿದ್ದೀನಿ, ಈ ಸಲ ಡೇಟಮ್ ಸರಿಪಡಿಸಿ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಶ್ರೀನಿವಾಸಪುರ ಕಡೆಯವರು ಯಾರಿದ್ದರೂ ಬನ್ನಿ, ನಿಮ್ಮೂರು ಹುಡುಕೋಣ. ಬರುವಾಗ ಮನೆಗೆ ಒಂದು ಫೋನ್ ಮಾಡಿ, ನಿಮ್ಮೂರ ಕೆರೆ ಕೋಡಿ ಹರಿದರೆ ನೀರು ಯಾವ ಕಡೆ ಹೋಗ್ತಿತ್ತು ಅಂತ ಅಜ್ಜಿಯನ್ನೋ ತಾತನನ್ನೋ ಕೇಳಿಕೊಂಡು ಬನ್ನಿ.

ಪಕ್ಕದ ಸೈಟಿನವರಿಗೆ ಇನ್ನೂ ಪೂರ್ತಿ ವಿಷಯ ಹೇಳಿಲ್ಲ. ಈ ಲೇಖನದ ಲಿಂಕನ್ನು ಮೊದಲು ಅಪ್ಪನಿಗೇ ಕಳಿಸ್ತೀನಿ. ಅವರು ಓದಿದ ಮೇಲೆ ಇಬ್ಬರೂ ಸೇರಿ ಹೋಗಿ ಹೇಳೋಣ ಅಂತ ಕೇಳಬೇಕು. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಆದರೆ ಅವರ ಸಂಪು ತೋಡೋ ಕೆಲಸ ಈಗ ಆರಡಿ ಆಳಕ್ಕೆ ಬಂದಿದೆ.